ಮಾತು ಮನೆ ಕೆಡಿಸಲಿಲ್ಲ

ನಿನ್ನೆ ಕಚೇರಿಯ ಸಭೆಯಲ್ಲಿ ನಾಲ್ಕು ಜನ ಒಟ್ಟಿಗೆ ಬಾಯಿ ತೆಗೆದದ್ದೇ ತಪ್ಪಾಯಿತು. ಸ್ವೀಡನ್ನಿನ ಹಿರಿಯರೊಬ್ಬರು ನಕ್ಕು, ‘ಇದೇನು ಪೋಲೆಂಡಿನ ಸಂಸತ್ತೇ?’ ಎಂದುಬಿಟ್ಟರು. ಅವರ ನಾಡಿನಲ್ಲಿ ಅದು ಗಾದೆಯ ಹಾಗೆ ಚಲಾವಣೆಯಲ್ಲಿರುವ ಮಾತು. ಎಲ್ಲರೂ ಕೂಗಾಡುವ, ಏನೂ ತೀರ್ಮಾನವಾಗದ ಕೂಟಕ್ಕೆ ಹಾಗೆನ್ನುತ್ತಾರಂತೆ. ವಾರ್ಸಾದಲ್ಲೇ ಕುಳಿತು, ವಾರ್ಸಾದವರ ಎದುರಿಗೇ! ಪೋಲಿಷ್ ಸಹೋದ್ಯೋಗಿಗಳು ಮುಗುಳ್ನಕ್ಕು ಸುಮ್ಮನಾದರು. ಅವರಿಗೆ ಬಾರದ ಸಿಟ್ಟು ಶಿರಸಿ ಕಡೆಯ ನಿನಗೇಕಪ್ಪಾ ಎಂದು ನೀವು ಕೇಳಬಹುದು. ಬಂತು, ಏನು ಮಾಡಲಿ?

ನನ್ನ ಹುಚ್ಚು ನಿಮಗೆ ಹೊಸದಲ್ಲ. ಪೋಲಿಷ್ ಕಲಿಯಲು ಬೇರೆಯವರು ಧಾರಾವಾಹಿ ನೋಡಿದರೆ ನಾನು ಸೇಮ್, ಅಂದರೆ ಇಲ್ಲಿನ ಕೆಳಮನೆಯ ಕಲಾಪದ ವರದಿ ಓದುತ್ತೇನೆ. ಶೀಘ್ರಲಿಪಿಕಾರರು ಏನನ್ನೂ ಬಿಡುವುದಿಲ್ಲ. ಭಾಷಣದ ನಡುನಡುವೆ ಕಂಸದಲ್ಲಿ (ಚಪ್ಪಾಳೆ), (ಸದನದಲ್ಲಿ ನಗು), ಸಮಯ ಮೀರಿದರೆ (ಗಂಟೆ). ಮಧ್ಯೆ ಬಾಯಿ ಹಾಕಿದವನ ಕೂಗಿಗೂ ಕಂಸದಲ್ಲಿ ಜಾಗವಿದೆ. ಎದುರಾಳಿಯನ್ನು ಕಳ್ಳನೆಂದು ಕರೆಯುವ ಮೊದಲು ‘ಮಾನ್ಯ ಮಾರ್ಷಲ್ ಅವರೇ (ಇಲ್ಲಿ ಸಭಾಧ್ಯಕ್ಷರಿಗೆ ಹಾಗೆನ್ನುತ್ತಾರೆ), ಉನ್ನತ ಸದನವೇ’ ಎಂದು ಶುರು ಮಾಡುವ ಆ ಶಿಸ್ತಂತೂ ನನಗೆ ಬಹಳ ಇಷ್ಟ. ಬೈಗುಳಕ್ಕೂ ಬಹುವಚನ!

ಸ್ವೀಡನ್ನಿನವರೊಬ್ಬರೇ ಅಲ್ಲ, ಪೋಲೆಂಡಿನ ಚರಿತ್ರೆಯನ್ನು ಎರಡು ಸಾಲಿನಲ್ಲಿ ಹೇಳುವವರೆಲ್ಲ ಇದನ್ನೇ ಹೇಳುತ್ತಾರೆ: ಬರೀ ಮಾತಾಡಿದರು, ಮಾತಾಡಿ ಮಾತಾಡಿ ದೇಶವನ್ನೇ ನೆರೆಯ ರಾಜ್ಯಗಳ ಪಾಲಾಗಿಸಿದರು. ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು ಎಂಬ ನಮ್ಮ ಗಾದೆಯನ್ನು ಈ ದೇಶಕ್ಕೆಂದೇ ಮಾಡಿದಂತೆ. ಅಲ್ಲ ಸ್ವಾಮಿ, ಅಲ್ಲ. ಈ ಮನೆ ಕೆಟ್ಟದ್ದು ಮಾತು ನಿಲ್ಲಿಸಿದಾಗ.

1505ರಲ್ಲೇ ಸೇಮ್‌ನ ಒಪ್ಪಿಗೆಯಿಲ್ಲದೆ ರಾಜ ಹೊಸ ಕಾನೂನು ತರಕೂಡದೆಂದು ಬರೆಸಿಕೊಂಡ ಜನ ಇವರು. ಆಮೇಲೆ 1652ರಲ್ಲಿ ಉಪಿತಾ ಎಂಬಲ್ಲಿಂದ ಬಂದ ಪ್ರತಿನಿಧಿ ವ್ವಾದಿಸ್ವಾವ್ ಸಿಚಿನ್‌ಸ್ಕಿ, ಅಧಿವೇಶನ ಮುಂದುವರಿಸಲು ನಾನು ಒಪ್ಪುವುದಿಲ್ಲ ಎಂದು ಎದ್ದು ಹೋದ. ಅಷ್ಟಕ್ಕೇ ಇಡೀ ಅಧಿವೇಶನ ಮುಗಿಯಿತು. ಇದೇ ಆ ಕುಖ್ಯಾತ ಒಂಟಿ ವೀಟೋ. ಅವನು ಗಂಟೆಗಟ್ಟಲೆ ಭಾಷಣ ಬಿಗಿದು ಕೆಡಿಸಿದನೇ? ಬೇಡ ಎಂದ, ನಡೆದ. ಉಳಿದವರ ಮಾತೆಲ್ಲ ಅಲ್ಲಿಗೇ ಕಟ್ಟಿತು. ಮೂರನೆಯ ಆಗಸ್ಟಸನ ಮೂವತ್ತು ವರ್ಷದ ಆಳ್ವಿಕೆಯಲ್ಲಿ ಸರಿಯಾಗಿ ಕೆಲಸ ಮುಗಿಸಿದ ಸೇಮ್ ಒಂದೇ, 1736ರದ್ದು. ಉಳಿದವನ್ನು ಮುರಿದುಹಾಕಲು ಹೊರಗಿನ ಅರಮನೆಗಳಿಂದ ಹಣ ಬರುತ್ತಿತ್ತು. ಪಕ್ಕದ ಮನೆಯವನೇ ಕಾಸು ಕೊಟ್ಟು ನಮ್ಮ ಮನೆಯಲ್ಲಿ ಜಗಳ ಹಚ್ಚಿ, ಆಮೇಲೆ ‘ಎಷ್ಟು ಗಲಾಟೆಯ ಮನೆಯಪ್ಪಾ’ ಎಂದು ಊರಿಗೆಲ್ಲ ಸಾರಿದಂತಾಯಿತು.

ಇನ್ನು ಸದ್ದಿಲ್ಲದ ಸದನ ಹೇಗಿರುತ್ತದೆ ಎಂಬುದನ್ನೂ ಈ ದೇಶ ನೋಡಿದೆ. 1717ರ ಫೆಬ್ರವರಿ 1ರಂದು ಕೂಡಿದ ಅಧಿವೇಶನಕ್ಕೆ ಹೆಸರೇ ಮೂಕ ಸೇಮ್. ಚರ್ಚೆಗೆ ಯಾರಿಗೂ ಅವಕಾಶ ಕೊಡಲಿಲ್ಲ. ಮೊದಲೇ ಸಿದ್ಧವಾಗಿದ್ದ ಒಪ್ಪಂದವನ್ನು ಓದಿದರು, ಒಂದೇ ದಿನದಲ್ಲಿ ಮುಗಿಸಿದರು. ರಷ್ಯಾದ ಸೈನ್ಯ ಹತ್ತಿರದಲ್ಲೇ ಇತ್ತು. ಎಷ್ಟು ಅಚ್ಚುಕಟ್ಟಾದ ಸಭೆ ನೋಡಿ!

ಅದಕ್ಕಿಂತ ಘೋರವಾದದ್ದು 1793ರಲ್ಲಿ ಗ್ರೊದ್ನೊ ಎಂಬ ಊರಿನಲ್ಲಿ ಕೂಡಿದ ಸೇಮ್. ಪ್ರಷ್ಯಾಕ್ಕೆ ನೆಲ ಬಿಟ್ಟುಕೊಡುವ ಒಪ್ಪಂದಕ್ಕೆ ಅಂಗೀಕಾರ ಬೇಕಾಗಿತ್ತು. ಸೆಪ್ಟೆಂಬರ್ 23ರಂದು ರಷ್ಯಾದ ಸೈನಿಕರು ಸಭೆ ನಡೆಯುತ್ತಿದ್ದ ಕೋಟೆಯನ್ನು ಸುತ್ತುವರಿದರು. ಎದುರಾಡುತ್ತಿದ್ದ ನಾಲ್ವರು ಸದಸ್ಯರನ್ನು ಮೊದಲೇ ಹಿಡಿದು ಸಾಗಿಸಿದ್ದರು. ರಷ್ಯಾದ ಸೇನಾಧಿಕಾರಿ ಸಭಾಂಗಣದ ಒಳಗೇ ಕುಳಿತಿದ್ದ. ಹೊರಗೆ ಹೋಗಲು ಯಾರನ್ನೂ ಬಿಡಲಿಲ್ಲ. ಸದಸ್ಯರು ಬಾಯಿ ಬಿಡಲಿಲ್ಲ, ನಡುರಾತ್ರಿ ದಾಟಿದರೂ ಬಿಡಲಿಲ್ಲ. ಅವರ ಕೈಯಲ್ಲಿ ಉಳಿದಿದ್ದ ಪ್ರತಿಭಟನೆ ಅದೊಂದೇ. ಆಗ ಕ್ರಾಕೋವಿನ ಪ್ರತಿನಿಧಿ ಯೂಜೆಫ್ ಅಂಕ್ವಿಚ್ ಮೌನವನ್ನೇ ಸಮ್ಮತಿಯೆಂದು ತೆಗೆದುಕೊಳ್ಳಬಹುದೆಂದ. ಅಧ್ಯಕ್ಷ ಬಿಯೆಲಿನ್‌ಸ್ಕಿ ಒಪ್ಪಿಗೆಯೇ ಎಂದು ಮೂರು ಸಲ ಕೇಳಿದ. ಮೂರು ಸಲವೂ ಉತ್ತರವಿಲ್ಲ. ಅಂಗೀಕಾರವಾಯಿತೆಂದು ಘೋಷಿಸಿ ಎದ್ದ. ಮರುವರ್ಷದ ದಂಗೆಯಲ್ಲಿ ವಾರ್ಸಾದ ಜನ ಪಟ್ಟು ಹಿಡಿದು, ದಂಗೆಯ ನ್ಯಾಯಾಲಯದಿಂದ ಅಂಕ್ವಿಚ್‌ನನ್ನು ನೇಣಿಗೆ ಹಾಕಿಸಿದರು. ನೇಣನ್ನು ಸಮರ್ಥಿಸುವವರಲ್ಲಿ ನಾನಿಲ್ಲ, ಆದರೆ ಅವರ ಸಿಟ್ಟು ನನಗೆ ಅರ್ಥವಾಗುತ್ತದೆ.

ಮೌನಂ ಸಮ್ಮತಿ ಲಕ್ಷಣಂ. ನಮ್ಮ ತೋಟ ಮಾರುವ ಮಾತು ಬಂದಾಗ ದೊಡ್ಡಪ್ಪ ಇದೇ ಶ್ಲೋಕದ ತುಂಡನ್ನು ಹೇಳಿದ್ದರು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಅಜ್ಜಿಯನ್ನು ‘ಏನಮ್ಮಾ, ಆಗಬಹುದಲ್ಲ?’ ಎಂದು ಕೇಳಿದರು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನೆಲ ನೋಡಿದಳು. ಆಯಿತು, ಅಮ್ಮನ ಒಪ್ಪಿಗೆಯೂ ಸಿಕ್ಕಿತು ಎಂದರು. ಗ್ರೊದ್ನೊದ ಕಥೆ ಓದುವಾಗ ನನಗೆ ಕಾಣುವುದು ಆ ಬೆರಳು. ಇಷ್ಟು ಸಾಕು, ಈ ವಿಷಯಕ್ಕೆ ಕಮೆಂಟಿನಲ್ಲಿ ನಮ್ಮ ಮನೆಯವರು ಜಗಳ ತೆಗೆಯಬೇಡಿ.

ಹಾಗಾದರೆ ಇವರ ಭಾಷಣಗಳೆಲ್ಲ ಮುತ್ತಿನ ಹಾರವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲ್ಲ, ಒಪ್ಪಿದೆ. ಹದಿನೇಳನೆಯ ಶತಮಾನದ ಗಣ್ಯರು ಪೋಲಿಷ್ ವಾಕ್ಯದ ಹೊಟ್ಟೆಯೊಳಗೆ ಲ್ಯಾಟಿನ್ ತುಂಬಿ, ರೋಮಿನ ವೀರರನ್ನೆಲ್ಲ ಕರೆದು ಕೂರಿಸಿದ ಮೇಲಷ್ಟೇ ತೆರಿಗೆಯ ವಿಷಯಕ್ಕೆ ಬರುತ್ತಿದ್ದರು. ಅವರದೇ ಪಾದ್ರಿ ಸ್ತಾನಿಸ್ವಾವ್ ಕೊನಾರ್‌ಸ್ಕಿಗೆ ಇದನ್ನು ಕೇಳಿ ಕೇಳಿ ಸಾಕಾಗಿ, 1741ರಲ್ಲಿ ವಾಗ್ಮಿತೆಯ ದೋಷಗಳನ್ನು ತಿದ್ದುವ ಬಗ್ಗೆ ಪುಸ್ತಕವನ್ನೇ ಬರೆದ. ಆದರೆ ಅವನು ಬಾಯಿ ಮುಚ್ಚಿ ಎಂದನೇ? ವಾರ್ಸಾದಲ್ಲಿ ಶಾಲೆ ತೆರೆದು ಗಣ್ಯರ ಹುಡುಗರಿಗೆ ನೆಟ್ಟಗೆ ಮಾತಾಡಲು ಕಲಿಸಿದ, ಸೇಮ್ ಬಹುಮತದಿಂದ ತೀರ್ಮಾನಿಸಲಿ ಎಂದು ವಾದಿಸಿದ. 1788ರಲ್ಲಿ ಕೂಡಿದ ಸೇಮ್‌ನಲ್ಲಿ ಬಹುಮತದ ಲೆಕ್ಕ ನಡೆಯಿತು. ಅದು ನಾಲ್ಕು ವರ್ಷ ಮಾತಾಡಿತು. ಹೌದು, ನಾಲ್ಕು ವರ್ಷ! ಭಾಷಣಗಳು ಅಚ್ಚಾಗಿ ಊರೂರು ತಿರುಗಿದವು. ಆ ಮಾತಿನ ನಡುವಿನಿಂದಲೇ 1791ರ ಮೇ 3ರ ಸಂವಿಧಾನ ಬಂತು, ಒಂಟಿ ವೀಟೋ ರದ್ದಾಯಿತು. ನೆರೆಯವರು ಸೈನ್ಯ ಕಳಿಸಿದ್ದು ಅದಾದ ಮೇಲೆ. ಪೋಲೆಂಡು ಕೂಗಾಡುವಾಗ ಅವರಿಗೆ ಸುಖನಿದ್ರೆ. ಕೂಗಾಟ ತೀರ್ಮಾನಕ್ಕೆ ಬಂದದ್ದೇ ತಡ, ನಿದ್ದೆ ಕೆಟ್ಟಿತು.

ಈ ಪಾಠ ಇವರಿಗೆ ಮರೆತಿಲ್ಲ ಎನಿಸುತ್ತದೆ. 1929ರ ಅಕ್ಟೋಬರ್ 31ರಂದು ಶಸ್ತ್ರಧಾರಿ ಸೇನಾಧಿಕಾರಿಗಳು ಸೇಮ್‌ನ ಮೊಗಸಾಲೆಯಲ್ಲಿ ಬಂದು ನಿಂತಾಗ, ಮಾರ್ಷಲ್ ಇಗ್ನಾತ್ಸಿ ದಶಿನ್‌ಸ್ಕಿ ಕತ್ತಿ ಬಂದೂಕುಗಳ ನೆರಳಲ್ಲಿ ಅಧಿವೇಶನ ಆರಂಭಿಸುವುದಿಲ್ಲವೆಂದು ಖಡಾಖಂಡಿತ ಹೇಳಿದರು. ಕಮ್ಯುನಿಸ್ಟರ ಕಾಲದಲ್ಲಿ ಸದನ ಮತ್ತೆ ತಣ್ಣಗಾಯಿತು. 1976ರಲ್ಲಿ ಸಂವಿಧಾನದ ತಿದ್ದುಪಡಿ ಮತಕ್ಕೆ ಬಂದಾಗ ಕೈ ಎತ್ತದೆ ತಟಸ್ಥರಾಗಿ ಉಳಿದವರು ಸ್ತಾನಿಸ್ವಾವ್ ಸ್ತೊಮ್ಮಾ ಒಬ್ಬರೇ. ಗದ್ದಲವಿಲ್ಲದ, ಎಲ್ಲವೂ ಬೇಗ ಬೇಗ ತೀರ್ಮಾನವಾಗುವ ಸಂಸತ್ತು ಬೇಕೆನ್ನುವವರಿಗೆ ಆ ವರ್ಷದ ವರದಿಯನ್ನು ಓದಲು ಕೊಡಬೇಕು.

1989ರ ಸೆಪ್ಟೆಂಬರ್ 12ರಂದು ತದೇವುಶ್ ಮಜೊವಿಯೆತ್ಸ್ಕಿ ಪ್ರಧಾನಿಯಾಗಿ ಸರ್ಕಾರದ ಕಾರ್ಯಕ್ರಮ ಮಂಡಿಸುತ್ತಿದ್ದಾಗ ತಲೆ ಸುತ್ತಿ ಭಾಷಣ ನಿಲ್ಲಿಸಬೇಕಾಯಿತು. ಸುಧಾರಿಸಿಕೊಂಡು ಬಂದವರು, ನನ್ನ ಸ್ಥಿತಿ ಪೋಲೆಂಡಿನ ಆರ್ಥಿಕತೆಯ ಸ್ಥಿತಿಗೇ ಬಂದಿತ್ತು, ನಾನು ಚೇತರಿಸಿಕೊಂಡೆ, ಅದೂ ಚೇತರಿಸಿಕೊಳ್ಳುತ್ತದೆ ಎಂಬರ್ಥದ ಮಾತು ಹೇಳಿ ಉಳಿದ ಭಾಷಣ ಮುಗಿಸಿದರು.

2023ರ ಡಿಸೆಂಬರ್ 11ರಂದು ಸರ್ಕಾರ ಬದಲಾಗುವ ಕಲಾಪವನ್ನು ವಾರ್ಸಾದ ಚಿತ್ರಮಂದಿರವೊಂದರಲ್ಲಿ ತೆರೆಯ ಮೇಲೆ ತೋರಿಸಿದರು. ಜನ ಪಾಪ್‌ಕಾರ್ನ್ ಹಿಡಿದು ಹೋಗಿ ಕುಳಿತು ಭಾಷಣ ಕೇಳಿದರು. ನಗುವವರು ನಗಲಿ. ಮುಂದಿನ ಸಲ ಹಾಗೆ ತೋರಿಸಿದರೆ ನಮ್ಮ ಸ್ವೀಡನ್ನಿನ ಹಿರಿಯರ ಟಿಕೆಟ್ ನನ್ನ ಲೆಕ್ಕದಲ್ಲಿ. ಅನುವಾದವನ್ನು ಪಕ್ಕದಲ್ಲಿ ಕುಳಿತು ನಾನೇ ಮಾಡಿ ಹೇಳುತ್ತೇನೆ, ಬೈಗುಳಗಳ ಸಮೇತ.