ವಯಸ್ಸಾಯ್ತಲ್ಲ ಅಂತ ಮಾತ್ರ ಹೇಳಬೇಡಿ

ಭಾನುವಾರದಿಂದ ಈ ಸಿಟ್ಟು ಇಳಿದಿಲ್ಲ. ಇವತ್ತು ಡ್ಯೂಟಿ ಇಲ್ಲ, ಕೂತು ಬರೆದೇಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇರುವವರು ದಯವಿಟ್ಟು ಪೂರ್ತಿ ಓದಿ.

ಅರಸೀಕೆರೆ ಹತ್ತಿರ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅವರಿಗೆ ಈಗ 76. ನಾನು ಚಪ್ಪಲಿ ಬಿಡುವಷ್ಟರಲ್ಲೇ ಅಣ್ಣ ಫೋನ್ ಹಿಡಿದುಕೊಂಡು ಬಂದ. ಬೆಂಗಳೂರಿಗೆ ಕರೆದುಕೊಂಡು ಹೋಗಿ ಅಮ್ಮನಿಗೆ ಫುಲ್ ಬಾಡಿ ಚೆಕಪ್ ಮಾಡಿಸಿದ್ದಾನೆ. ಹದಿನಾಲ್ಕು ಪುಟದ ರಿಪೋರ್ಟ್. "ನೋಡು, ಎಲ್ಲಾ ನಾರ್ಮಲ್ ಕಣೇ. ಶುಗರ್ ಇಲ್ಲ, ಕೊಲೆಸ್ಟ್ರಾಲ್ ಇಲ್ಲ, ಥೈರಾಯ್ಡ್ ಇಲ್ಲ." ಅವನ ಮುಖದಲ್ಲಿ ನಿಜವಾದ ಖುಷಿ ಇತ್ತು. ಅಮ್ಮನ ಮೇಲೆ ಅವನಿಗೆ ಪ್ರೀತಿ ಇಲ್ಲ ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಅವನು ರಿಪೋರ್ಟ್ ತೋರಿಸುತ್ತಿದ್ದ ಹೊತ್ತಿಗೆ ದೊಡ್ಡಮ್ಮ ಕಾಫಿ ಮಾಡುತ್ತೇನೆ ಅಂತ ಕುರ್ಚಿಯಿಂದ ಏಳುತ್ತಿದ್ದರು. ಮೊದಲ ಸಲ ಆಗಲಿಲ್ಲ. ಎರಡನೇ ಸಲ ಅರ್ಧ ಎದ್ದು ಮತ್ತೆ ಕೂತುಬಿಟ್ಟರು. ಮೂರನೇ ಸಲ ಟೀಪಾಯಿ ಹಿಡಿದು ಎದ್ದು, ಕಣ್ಣು ಮುಚ್ಚಿಕೊಂಡು ಒಂದು ಗಳಿಗೆ ಹಾಗೇ ನಿಂತರು. ಆಮೇಲೆ ಗೋಡೆ ಹಿಡಿದುಕೊಂಡು ಒಳಗೆ ಹೋದರು. ಆಗ ಆ ಗೋಡೆ ನೋಡಿದೆ. ನಡುಮನೆಯಿಂದ ಅಡುಗೆಮನೆ, ಅಲ್ಲಿಂದ ಬಚ್ಚಲುಮನೆ ಬಾಗಿಲ ತನಕ, ಸೊಂಟದ ಎತ್ತರಕ್ಕೆ ಒಂದೇ ಸಮನೆ ಮಾಸಲು ಪಟ್ಟೆ. ಎಣ್ಣೆ, ಬೆವರು, ಒಗ್ಗರಣೆ ಜಿಡ್ಡು ಎಲ್ಲ ಸೇರಿ, ತಿಂಗಳುಗಟ್ಟಲೆ ಒಂದೇ ಕೈ ಅದೇ ಜಾಗ ಸವರಿಕೊಂಡು ಹೋದ ಗುರುತು. ಅತ್ತಿಗೆಯನ್ನು ಕೇಳಿದೆ. "ಹೌದು, ಗೋಡೆ ಗಲೀಜಾಗಿದೆ, ಹಬ್ಬಕ್ಕೆ ಪೇಂಟ್ ಹೊಡೆಸಬೇಕು" ಅಂದರು. ದೊಡ್ಡಮ್ಮ ಯಾಕೆ ಗೋಡೆ ಹಿಡಿದು ಓಡಾಡುತ್ತಾರೆ ಅಂದೆ.

"ವಯಸ್ಸಾಯ್ತಲ್ಲ."

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಸ್ಟಾಫ್ ನರ್ಸ್ ಆಗಿ 24 ವರ್ಷ ಆಯ್ತು, ಅದರಲ್ಲಿ ಜಾಸ್ತಿ ಭಾಗ ಮೆಡಿಸಿನ್ ಮತ್ತು ಆರ್ಥೋ ವಾರ್ಡ್‌ನಲ್ಲೇ ಅಂತ ನಿಮಗೆಲ್ಲ ಗೊತ್ತು. ತೊಡೆ ಮೂಳೆ ಮುರಿದುಕೊಂಡು ಸ್ಟ್ರೆಚರ್ ಮೇಲೆ ಬರುವ ಅಜ್ಜಿಯರ ಮನೆಯವರು ಹೇಳುವುದು ಇದನ್ನೇ. "ಮೊದಲಿಂದಾನೂ ಸ್ವಲ್ಪ ತೂರಾಡ್ತಾ ಇದ್ರು ಸಿಸ್ಟರ್, ವಯಸ್ಸಾಯ್ತಲ್ಲ ಅಂತ ಸುಮ್ನಿದ್ವಿ." ಮೊದಲಿಂದಾನೂ ಅಂದರೆ ಎಷ್ಟು ದಿನ? ಆರು ತಿಂಗಳು, ಒಂದು ವರ್ಷ. ಅಷ್ಟು ದಿನ ಆ ಕಾಲುಗಳು ಕೂಗಿ ಹೇಳುತ್ತಿದ್ದವು, ನಾವು ಕೇಳಿಸಿಕೊಳ್ಳಲಿಲ್ಲ.

ಕಾಫಿ ಕುಡಿದು ಬ್ಯಾಗಿನಿಂದ ಬಿಪಿ ಮಿಷನ್ ತೆಗೆದೆ. ಮಲಗಿಸಿ ಐದು ನಿಮಿಷ ಬಿಟ್ಟು ನೋಡಿದರೆ ಮೇಲಿನ ಬಿಪಿ 136. ಎದ್ದು ನಿಲ್ಲಿಸಿ ಒಂದು ನಿಮಿಷಕ್ಕೆ ನೋಡಿದರೆ 108. ನಿಂತ ಮೂರು ನಿಮಿಷದೊಳಗೆ 20 ಇಳಿದರೂ ಎಚ್ಚರ ಅಂತ ನಮಗೆ ಓದುವಾಗಲೇ ಹೇಳಿಕೊಡುತ್ತಾರೆ. ಇಲ್ಲಿ 28 ಇಳಿದಿದೆ. ಚೆಕಪ್‌ನಲ್ಲಿ ಕೂರಿಸಿ ಒಂದು ಸಲ ನೋಡಿ ಬರೆದುಕೊಂಡಿದ್ದಾರೆ, ಅಷ್ಟೇ.

ಅವರ ಮನೆಯ ಟೈಲ್ಸ್ ಎರಡಡಿಯದು. ಐದು ಟೈಲ್ಸ್ ಅಂದರೆ ಹತ್ತಡಿ, ಹತ್ತಿರ ಹತ್ತಿರ ಮೂರು ಮೀಟರ್. ಕುರ್ಚಿಯಿಂದ ಎದ್ದು ಅಲ್ಲಿ ತನಕ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ದೊಡ್ಡಮ್ಮನಿಗೆ 23 ಸೆಕೆಂಡ್ ಬೇಕಾಯ್ತು. ತಿರುಗುವಾಗ ನನ್ನ ಭುಜ ಹಿಡಿದರು. ಹಿಡಿದ ಕೈಯಲ್ಲಿ ಬಳೆ ಮೊಳಕೈ ತನಕ ಜಾರಿತು. ಹೋದ ವರ್ಷ ಇದೇ ಬಳೆ ತೆಗೆಯಲು ಸೋಪು ಹಚ್ಚಬೇಕಾಗಿತ್ತು.

ಆಮೇಲೆ ಅಣ್ಣ, ಅತ್ತಿಗೆ ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದೆ. ಇದು ಬಹಳ ಮುಖ್ಯ, ಬಿಪಿ ನೋಡುವುದಕ್ಕಿಂತ ಮುಖ್ಯ. "ರಾತ್ರಿ ಎಷ್ಟು ಸಲ ಏಳ್ತೀರಿ ದೊಡ್ಡಮ್ಮ?" ಅಂದೆ. ಸೆರಗಿನ ಅಂಚು ಮಡಿಸುತ್ತಾ ಕೂತರು. ತುಂಬಾ ಹೊತ್ತಾದ ಮೇಲೆ, "ನಾಲ್ಕು ಸಲ ಕಣವ್ವ. ಒಂದೊಂದ್ಸಲ ಹೋಗೋಷ್ಟ್ರಲ್ಲೇ ಸೀರೆ ಒದ್ದೆ ಆಗ್ಬಿಡ್ತದೆ. ಅದಕ್ಕೇ ಸಂಜೆ ಐದಾದ್ಮೇಲೆ ನೀರೇ ಕುಡಿಯಲ್ಲ. ಎರಡು ಸಲ ಬಚ್ಚಲಲ್ಲಿ ಬಿದ್ದೆ. ನಿಮ್ಮಣ್ಣಂಗೆ ಹೇಳ್ಬೇಡ" ಅಂದರು.

ಎರಡು ಸಲ ಬಿದ್ದಿದ್ದಾರೆ. ಹದಿನಾಲ್ಕು ಪುಟದಲ್ಲಿ ಇದು ಎಲ್ಲೂ ಇಲ್ಲ, ಯಾಕಂದರೆ ಯಾರೂ ಕೇಳಿಲ್ಲ.

ಮಾತ್ರೆ ತನ್ನಿ ಅಂದೆ. ಹಳೇ ಬಿಸ್ಕತ್ ಡಬ್ಬಿ ಬಂತು. ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದೆ. ಒಂದು ಬಿಪಿ ಮಾತ್ರೆ ಊರಿನ ಡಾಕ್ಟರು ಕೊಟ್ಟದ್ದು, ಇನ್ನೊಂದು ಹಾಸನದಲ್ಲಿ ತೋರಿಸಿದಾಗ ಬರೆದದ್ದು. ಕಂಪನಿ ಬೇರೆ, ಹೆಸರು ಬೇರೆ, ಒಳಗಿರುವುದು ಎರಡರಲ್ಲೂ ಒಂದೇ ಔಷಧಿ, ಅಮ್ಲೋಡಿಪಿನ್. ಡೋಸ್ ಜಾಸ್ತಿ ಆದಷ್ಟೂ ಈ ಮಾತ್ರೆಗೆ ಕಾಲು ಊದಿಕೊಳ್ಳುವುದು ಜಾಸ್ತಿ. ಕಾಲು ಊದಿದೆ ಅಂತ ತೋರಿಸಿದಾಗ ಮೂತ್ರ ಹೋಗುವ ಮಾತ್ರೆ ಸೇರಿದೆ. ಅದನ್ನು ಬೆಳಿಗ್ಗೆ ತೆಗೆದುಕೊಳ್ಳಬೇಕು ಅಂತ ಯಾರೂ ಬಿಡಿಸಿ ಹೇಳಿಲ್ಲ, ಎಲ್ಲ ಮಾತ್ರೆ ಒಟ್ಟಿಗೆ ರಾತ್ರಿ ಊಟ ಆದಮೇಲೆ ನುಂಗುತ್ತಾರೆ. ಹಾಗಾಗಿ ರಾತ್ರಿ ನಾಲ್ಕು ಸಲ ಏಳಬೇಕು. ಏಳುವ ಭಯಕ್ಕೆ ನೀರು ಬಿಟ್ಟರು. ನೀರಿಲ್ಲದೆ, ಮಾತ್ರೆ ದುಪ್ಪಟ್ಟಾಗಿ, ನಿಂತ ತಕ್ಷಣ ಬಿಪಿ ಇಳಿಯುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಕಾಲು ಊದಿದ್ದಕ್ಕೂ ವಯಸ್ಸಾಯ್ತಲ್ಲ ಅಂದರು, ರಾತ್ರಿ ಎದ್ದಿದ್ದಕ್ಕೂ ವಯಸ್ಸಾಯ್ತಲ್ಲ, ತಲೆ ಸುತ್ತಿದ್ದಕ್ಕೂ ಅದೇ. ಅಷ್ಟೂ ಹುಟ್ಟಿದ್ದು ಬಿಸ್ಕತ್ ಡಬ್ಬಿಯಲ್ಲಿ.

(ಇದನ್ನು ಓದಿ ಯಾರೂ ಮನೆಯಲ್ಲಿ ಮಾತ್ರೆ ನಿಲ್ಲಿಸಬೇಡಿ. ನಾನೂ ನಿಲ್ಲಿಸಲಿಲ್ಲ. ಡಬ್ಬಿ ಸಮೇತ ಡಾಕ್ಟರ ಹತ್ತಿರ ಹೋಗಬೇಕು.)

ನಾನು ಮಾಡಿದ್ದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು 2019ರಲ್ಲೇ ಇಂಥ ತಪಾಸಣೆಯನ್ನು ಊರೂರಿನ ಆರೋಗ್ಯ ಕಾರ್ಯಕರ್ತೆಯರೂ ಮಾಡುವ ಹಾಗೆ ಸರಳ ಮಾಡಿ ಕೊಟ್ಟಿದ್ದಾರೆ. ಮೂರು ಪದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ನೆನಪಿದೆಯಾ ಕೇಳಿ. ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಿಸಿ, 14 ಸೆಕೆಂಡಿನೊಳಗೆ ಆಗುತ್ತಾ ನೋಡಿ. ಮೂರು ತಿಂಗಳಲ್ಲಿ 3 ಕೆಜಿಗಿಂತ ಜಾಸ್ತಿ ತೂಕ ಇಳಿದಿದೆಯಾ, ಊಟ ಸೇರುತ್ತಾ ಕೇಳಿ. ಕಣ್ಣು, ಕಿವಿ, ಮನಸ್ಸು ಹೇಗಿದೆ ಕೇಳಿ. ನಮ್ಮ ಆಶಾ ಕಾರ್ಯಕರ್ತೆಯರು ತುಂಬುವ ಫಾರಂನಲ್ಲೂ 60 ದಾಟಿದವರಿಗೆ ಅಂತಲೇ ಪ್ರಶ್ನೆಗಳಿವೆ. ನಿಂತಾಗ, ನಡೆಯುವಾಗ ತೂಗಾಡಿದ ಹಾಗೆ ಆಗುತ್ತಾ, ಸ್ನಾನಕ್ಕೆ, ಬಟ್ಟೆಗೆ, ಟಾಯ್ಲೆಟ್‌ಗೆ ಇನ್ನೊಬ್ಬರ ಸಹಾಯ ಬೇಕಾ, ಹತ್ತಿರದವರ ಹೆಸರು ಮರೆಯುತ್ತಾ. ಪ್ರಶ್ನೆ ಇದೆ. ಆದರೆ ಬಾಗಿಲಲ್ಲಿ ನಿಂತು ಉತ್ತರ ಹೇಳುವುದು ಸೊಸೆ. "ಇಲ್ಲ, ಇಲ್ಲ, ಚೆನ್ನಾಗಿದ್ದಾರೆ." ಅಜ್ಜಿ ಒಳಗೆ ಗೋಡೆ ಹಿಡಿದು ನಿಂತಿರುತ್ತಾರೆ. ಕ್ಲಿನಿಕ್‌ನಲ್ಲೂ ಅಷ್ಟೇ, ಪಕ್ಕದಲ್ಲಿ ಕೂತ ಮಗನನ್ನು ಕೇಳುತ್ತಾರೆ. ಅವರಿಗೂ ಬಾಯಿದೆ, ಅವರನ್ನೇ ಕೇಳಿ.

ಈಗ ನನ್ನ ಮನೆಯದೇ ಹೇಳುತ್ತೇನೆ. ಇದನ್ನು ಇಲ್ಲಿ ಯಾವತ್ತೂ ಬರೆದಿಲ್ಲ. ನಮ್ಮಪ್ಪ ಕೊನೆಕೊನೆಗೆ ಮಾತು ಕಮ್ಮಿ ಮಾಡಿಬಿಟ್ಟರು. ಕೇಳಿದ್ದಕ್ಕೆ ಏನೇನೋ ಉತ್ತರ. ಸಂಜೆ ಅರಳಿಕಟ್ಟೆಗೆ ಹೋಗುವುದನ್ನೂ ಬಿಟ್ಟರು. ಅರಳುಮರಳು ಶುರುವಾಯ್ತು ಅಂದುಕೊಂಡೆ. ವಯಸ್ಸಾಯ್ತಲ್ಲ ಅಂತ ತಮ್ಮನಿಗೆ ನಾನೇ ಹೇಳಿದೆ, ನರ್ಸ್ ಆದ ನಾನು. ಒಂದೂವರೆ ವರ್ಷ ಆದಮೇಲೆ ಬೇರೇನಕ್ಕೋ ತೋರಿಸಲು ಹೋದಾಗ ಡಾಕ್ಟರು ಕಿವಿಗೆ ಲೈಟ್ ಬಿಟ್ಟು ನೋಡಿದರು. ಎರಡೂ ಕಿವಿಯಲ್ಲಿ ಗುಗ್ಗೆ ಕಲ್ಲಿನ ಹಾಗೆ ಕಟ್ಟಿಕೊಂಡಿತ್ತು. ಒಂದು ವಾರ ಡ್ರಾಪ್ಸ್ ಹಾಕಿ ತೆಗೆಸಿದೆವು. ಮನೆಗೆ ಬಂದ ಅಪ್ಪ ಹಿತ್ತಲ ಬಾಗಿಲಲ್ಲಿ ನಿಂತು, "ಈ ಕೊಕ್ಕರೆಗಳು ವಾಪಸ್ ಬಂದ್ವಾ?" ಅಂದರು. ಕೊಕ್ಕರೆಗಳು ಎಲ್ಲೂ ಹೋಗಿರಲಿಲ್ಲ. ಮುಂದಿನ ವರ್ಷ ಅಪ್ಪ ಹೋದರು. ಆ ಒಂದೂವರೆ ವರ್ಷ ನಾನು ಅವರ ಜೊತೆ ಕಿರುಚಿದ್ದೇ ಹೊರತು ಮಾತಾಡಲಿಲ್ಲ. ಅದು ನನಗೆ ವಾಪಸ್ ಸಿಗುವುದಿಲ್ಲ.

ಮರೆವಿನ ವಿಷಯವೂ ಇದೇ. 2023ರಲ್ಲಿ ಬಂದ ದೇಶದ ದೊಡ್ಡ ಅಧ್ಯಯನದ ಪ್ರಕಾರ 60 ದಾಟಿದವರಲ್ಲಿ ಡಿಮೆನ್ಶಿಯಾ, ಅಂದರೆ ದಿನದ ಕೆಲಸಕ್ಕೇ ಅಡ್ಡಿ ಆಗುವಷ್ಟು ಮರೆವಿನ ಕಾಯಿಲೆ, ಇರುವವರು ಶೇ. 7.4. ಅಂದರೆ ನೂರರಲ್ಲಿ 92 ಜನಕ್ಕೆ ಇಲ್ಲ. ಹಾಗಿದ್ದ ಮೇಲೆ ಅಂಥ ಮರೆವು ವಯಸ್ಸಿನ ಸಹಜ ಗುಣ ಹೇಗಾಗುತ್ತದೆ? ನಿನ್ನೆ ತನಕ ಸರಿ ಇದ್ದ ಅಜ್ಜ ಇವತ್ತು ಇದ್ದಕ್ಕಿದ್ದ ಹಾಗೆ ತಲೆಬುಡ ಇಲ್ಲದೆ ಮಾತಾಡುತ್ತಿದ್ದರೆ ಮೂತ್ರದ ಇನ್‌ಫೆಕ್ಷನ್ ಇರಬಹುದು. ವಯಸ್ಸಾದವರಿಗೆ ಜ್ವರವೇ ಇಲ್ಲದೆ ಬರುವುದೂ ಉಂಟು. ವಾರ್ಡ್‌ನಲ್ಲಿ ಎಷ್ಟು ಸಲ ನೋಡಿದ್ದೇನೋ.

"ನಮ್ಮಜ್ಜಿ 95ರ ತನಕ ಒಂದು ಮಾತ್ರೆ ನುಂಗದೆ ಇದ್ರು, ಆಗ ಯಾವ ಚೆಕಪ್ ಇತ್ತು?" ಅಂತ ಕೆಲವರು ಕಮೆಂಟ್ ಹಾಕುತ್ತೀರಿ, ಗೊತ್ತು. ಆ ಅಜ್ಜಿ ಇದ್ದದ್ದು ಹನ್ನೆರಡು ಜನರ ಮನೆಯಲ್ಲಿ. ಜೊತೆಗೆ ಮಲಗುವವರು ಇದ್ದರು, ತಲೆಗೆ ಎಣ್ಣೆ ಹಚ್ಚುವವರು ಇದ್ದರು, ಊಟ ಕಮ್ಮಿ ಆದರೆ ಕೇಳುವವರು ಇದ್ದರು. ದಿನವಿಡೀ ಯಾರದಾದರೂ ಕಣ್ಣು ಅವರ ಮೇಲೆ ಇತ್ತು. ನಾನು ಕೇಳುತ್ತಿರುವುದೂ ಆ ಕಣ್ಣನ್ನೇ. ಇನ್ನೊಂದು ಮಾತು, 62ಕ್ಕೆ ಹೋದ ಅಜ್ಜಿಯರ ಕಥೆ ಯಾರೂ ಕಮೆಂಟಿನಲ್ಲಿ ಬರೆಯುವುದಿಲ್ಲ.

ಆಸ್ಪತ್ರೆಯಲ್ಲಿ ಪುರುಸೊತ್ತಿಲ್ಲ ಅನ್ನುತ್ತಾರೆ. ನಿಜ, ಒಬ್ಬ ನರ್ಸ್ ಮೂವತ್ತು ಹಾಸಿಗೆ ನೋಡುವ ರಾತ್ರಿಗಳನ್ನು ನಾನೇ ಕಳೆದಿದ್ದೇನೆ. ಆದರೆ ದೊಡ್ಡಮ್ಮನ ಹತ್ತಿರ ಹಿಡಿದದ್ದು ಮುಕ್ಕಾಲು ಗಂಟೆ. ಬಿದ್ದು ಮೂಳೆ ಮುರಿದರೆ ಆಪರೇಷನ್, ಮಲಗಿ ಮಲಗಿ ಆಗುವ ಹುಣ್ಣು (ಬೆಡ್‌ಸೋರ್), ನ್ಯುಮೋನಿಯಾ ಅಂತ ಎಷ್ಟು ನರ್ಸ್‌ಗಳ ಎಷ್ಟು ದಿನ ಬೇಕು? ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ 70 ದಾಟಿದವರಿಗೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಅಂತ ಯೋಜನೆ ತಂದಿತು. ಒಳ್ಳೆಯದೇ. ಆದರೆ ಅದು ಅಡ್ಮಿಟ್ ಆದಮೇಲೆ. ಬೀಳುವ ಮೊದಲು ಮನೆಗೆ ಬಂದು, ಹತ್ತಡಿ ನಡೆಸಿ ನೋಡಿ, ಕಾಲ್ಬೆರಳ ಸಂದಿ ನೋಡಿ, ಡಬ್ಬಿ ಸುರಿದು ಮಾತ್ರೆ ನೋಡುವ ನರ್ಸ್‌ಗಳು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಬೇಕು. ಆ ಕೆಲಸಕ್ಕೆ ಸಮಯ ಕೊಡಿ, ನಾವು ಬರೆದದ್ದನ್ನು ಡಾಕ್ಟರು ಓದುವ ಹಾಗೆ ಮಾಡಿ. ಸಿಸ್ಟರ್ ಅಂದರೆ ಇಂಜೆಕ್ಷನ್ ಕೊಡುವವರು ಅಷ್ಟೇ ಅಂದುಕೊಂಡಿರುವ ತನಕ ಇದು ಆಗುವುದಿಲ್ಲ.

ಲಸಿಕೆ ಬಗ್ಗೆಯೂ ಕೇಳಿದೆ. ಮೊಮ್ಮಗನ ಕಾರ್ಡ್ ಪ್ಲಾಸ್ಟಿಕ್ ಕವರ್ ಹಾಕಿ ಬೀರುವಿನಲ್ಲಿ ಭದ್ರ ಇದೆ. ದೊಡ್ಡಮ್ಮನಿಗೆ ನ್ಯುಮೋನಿಯಾ ಲಸಿಕೆ, ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಅಂತ ಇವೆ ಅನ್ನುವುದೇ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿಮ್ಮ ಡಾಕ್ಟರನ್ನು ಕೇಳಿ.

ಮಂಗಳವಾರ ಅಣ್ಣ ಡಬ್ಬಿ ಸಮೇತ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಎರಡರಲ್ಲಿ ಒಂದು ಬಿಪಿ ಮಾತ್ರೆ ತೆಗೆದರು. ಮೂತ್ರದ ಮಾತ್ರೆ ಸದ್ಯಕ್ಕೆ ಬೇಡ, ವಾರ ಬಿಟ್ಟು ಕಾಲು ನೋಡೋಣ ಅಂದರಂತೆ. ತೂಕ ಇಳಿದದ್ದಕ್ಕೆ ಕಾರಣ ಇನ್ನೂ ಹುಡುಕಬೇಕು. ಹಲ್ಲಿನ ಸೆಟ್ ಸಡಿಲ ಆಗಿ ಅಗಿಯಲು ಆಗುತ್ತಿಲ್ಲ ಅಂತ ನನಗೆ ಅನುಮಾನ.

ಇವತ್ತು ಸಂಜೆ ಅಣ್ಣ ಫೋನ್ ಮಾಡಿದ್ದ. ಬಚ್ಚಲಲ್ಲಿ ಹಿಡಿದುಕೊಳ್ಳಲು ಸ್ಟೀಲ್ ರಾಡ್ ಹಾಕಿಸುತ್ತಾನಂತೆ. "ಎಷ್ಟು ಎತ್ತರಕ್ಕೆ ಹಾಕಿಸಲಿ?" ಅಂದ. ಗೋಡೆ ಮೇಲೆ ಆ ಮಾಸಲು ಪಟ್ಟೆ ಇದೆಯಲ್ಲ, ಅದೇ ಎತ್ತರಕ್ಕೆ ಅಂದೆ. ರಾಡ್ ಕೂರಿಸುವ ತನಕ ಪೇಂಟ್ ಹೊಡೆಸಬೇಡ ಅಂತಲೂ ಹೇಳಿದೆ.