ಬಿಲ್ಲು ಸೊನ್ನೆಯಾಗಿಲ್ಲ, ಬೇಸರವೂ ಇಲ್ಲ

ಮೊನ್ನೆ ಬಾಯಾರಿನಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಪಕ್ಕದಲ್ಲೇ ಕುಳಿತಿದ್ದ ಭಾವ ಸಾರನ್ನ ಕಲಸುತ್ತ ಕೇಳಿದರು: "ಸೋಲಾರ್ ಹಾಕಿಸಿದೆಯಂತಲ್ಲ, ಇನ್ನು ಕರೆಂಟು ಬಿಲ್ಲು ಬರುವುದೇ ಇಲ್ಲ ಅಲ್ಲವೋ?" ಬರುತ್ತದೆ ಭಾವ ಎಂದೆ. "ಹಾಗಾದರೆ ನಿನಗೆ ಯಾರೋ ಸರಿಯಾಗಿ ಟೊಪ್ಪಿ ಹಾಕಿದ್ದಾರೆ" ಎಂದು ತೀರ್ಪು ಕೊಟ್ಟು ಹೋಳಿಗೆಯ ಕಡೆ ತಿರುಗಿದರು. ಹೋಳಿಗೆ ಬಂದ ಮೇಲೆ ವಾದ ಮಾಡುವವನು ಮೂರ್ಖ. ಹಾಗಾಗಿ ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಪೈವಳಿಕೆಯ ಹತ್ತಿರದ ಮನೆ. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ ಸುಮಾರು 250 ಎಕರೆ ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಬೋಳು ಬಯಲಿನಲ್ಲಿ, 50 ಮೆಗಾವ್ಯಾಟ್‌ನ ಸೌರ ಸ್ಥಾವರವಿದೆ. 2021ರ ಫೆಬ್ರವರಿಯಲ್ಲಿ ಪ್ರಧಾನಿಯವರು ಅದನ್ನು ಲೋಕಾರ್ಪಣೆ ಮಾಡಿದ್ದರು. ಬೋಳು ಮುರಕಲ್ಲಿನ ಮೇಲೆ ಅಷ್ಟೊಂದು ನೀಲಿ ಹಲಗೆಗಳನ್ನು ಕಂಡ ಮೇಲೆ ನಮ್ಮ ಕಡೆಯವರಿಗೆ ಬಿಸಿಲಿನಿಂದ ವಿದ್ಯುತ್ತು ಬರುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹೇಳಿಕೊಡಬೇಕಾದದ್ದು ಬಿಲ್ಲು ಓದುವುದನ್ನು.

ಕೇರಳದಲ್ಲಿ ಮನೆಗಳಿಗೆ ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆ. ಯೂನಿಟ್‌ಗಳು ಏರಿದಂತೆ ದರವೂ ಮೆಟ್ಟಿಲು ಹತ್ತುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ತಿಂಗಳಿಗೆ 250, ಅಂದರೆ ಎರಡು ತಿಂಗಳಿಗೆ 500 ಯೂನಿಟ್ ದಾಟಿತೋ, ಮೆಟ್ಟಿಲೇ ಕಳಚಿ ಬೀಳುತ್ತದೆ. ಅಲ್ಲಿಂದ ಆಚೆ ಮೊದಲ ಯೂನಿಟ್‌ನಿಂದ ಕೊನೆಯದರವರೆಗೆ ಎಲ್ಲಕ್ಕೂ ಒಂದೇ ಮೇಲಿನ ದರ. 495ರಲ್ಲಿ ನಿಂತವನಿಗೂ 505ಕ್ಕೆ ಕಾಲಿಟ್ಟವನಿಗೂ ಇರುವ ವ್ಯತ್ಯಾಸ ಹತ್ತು ಯೂನಿಟ್‌ನದ್ದಲ್ಲ. ನಾವು ಬೇಸಿಗೆಯಲ್ಲಿ 620ರ ಆಸುಪಾಸಿನಲ್ಲಿ ಇದ್ದೆವು. ಅಪ್ಪನ ಕೋಣೆಗೆ ಏಸಿ ಹಾಕಿಸಿದ ವರ್ಷದಿಂದ ಆ ಗೆರೆಯ ಈಚೆಗೆ ಬಂದೇ ಇರಲಿಲ್ಲ. ಬಿಲ್ಲು ಐದು ಸಾವಿರದ ಹತ್ತಿರ.

ಆಗ ಮನೆಗೆ ಬಂದವನು ಸೋಲಾರ್ ಕಂಪನಿಯ ಹುಡುಗ. ಬಹಳ ಮರ್ಯಾದಸ್ಥ, ಕನ್ನಡವೂ ಚೆನ್ನಾಗಿ ಬರುತ್ತಿತ್ತು, ಆದರೆ ತಂದ ಕರಾರುಪತ್ರ ಮಾತ್ರ ಮಲಯಾಳದಲ್ಲಿತ್ತು. 5 ಕಿಲೋವ್ಯಾಟ್ ಹಾಕಿಸಿ, ಬಿಲ್ಲು ಸೊನ್ನೆ, ಮಿಕ್ಕಿದ್ದಕ್ಕೆ ಸರಕಾರವೇ ದುಡ್ಡು ಕೊಡುತ್ತದೆ ಎಂದ. ನಾನು ವರ್ಷದ ಆರು ಬಿಲ್ಲುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಅವನು ಅವುಗಳ ಕಡೆ ನೋಡಲೇ ಇಲ್ಲ. ಅಲ್ಲಿಗೆ ನನಗೆ ಅನುಮಾನ ಹುಟ್ಟಿತು. ಜ್ವರ ಎಷ್ಟಿದೆ ಎಂದು ನೋಡದೆ ಮದ್ದು ಬರೆದುಕೊಡುವ ವೈದ್ಯರ ಹತ್ತಿರ ನಾವು ಎರಡನೆಯ ಸಲ ಹೋಗುತ್ತೇವೆಯೇ?

ಲೆಕ್ಕ ಕಷ್ಟದ್ದೇನಲ್ಲ. ಒಂದು ಕಿಲೋವ್ಯಾಟ್ ಒಳ್ಳೆಯ ಬಿಸಿಲಿಗೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಎರಡು ಕಿಲೋವ್ಯಾಟ್‌ಗೆ ಎಂಟು, ಅರುವತ್ತು ದಿನಕ್ಕೆ 480. ಹಗಲು ಲೈನಿಗೆ ಕೊಟ್ಟ ಯೂನಿಟ್ ರಾತ್ರಿ ಬಳಸಿದ್ದರಲ್ಲಿ ವಜಾ ಆಗುತ್ತದೆ. ನನ್ನ 620ರಲ್ಲಿ ಅದನ್ನು ಕಳೆದರೆ ಉಳಿಯುವುದು 140, ಅಂದರೆ ತೀರಾ ಕೆಳಗಿನ ಮೆಟ್ಟಿಲುಗಳು. ಆ ಕೊನೆಯ 140 ಯೂನಿಟ್ ಹೇಗೂ ಅಗ್ಗದವು. ಅವನ್ನೂ ಅಳಿಸಿ ಸೊನ್ನೆ ಮಾಡುತ್ತೇನೆ ಎಂದು ಇನ್ನೂ ಒಂದೂವರೆ ಲಕ್ಷ ಸುರಿಯುವುದು ನನಗಂತೂ ಹುಚ್ಚಾಗಿ ಕಂಡಿತು. ಅಷ್ಟಾಗಿಯೂ ಸೊನ್ನೆ ಆಗುವುದಿಲ್ಲ, ಸ್ಥಿರ ಶುಲ್ಕ ಇದ್ದೇ ಇರುತ್ತದೆ. ವರ್ಷದ ಕೊನೆಗೆ ಉಳಿದ ಯೂನಿಟ್‌ಗೆ ಸಿಗುವ ಬೆಲೆಯೋ, ನಾವು ಕೊಳ್ಳುವ ಬೆಲೆಗಿಂತ ಬಹಳ ಕಡಿಮೆ. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನ ಕೂಡ ಎರಡು ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್‌ಗೆ 30,000, ಮೂರಕ್ಕೆ ಒಟ್ಟು 78,000. ಅಲ್ಲಿಗೆ ಮುಗಿಯಿತು; ಐದು ಹಾಕಿಸಿದರೂ ಹತ್ತು ಹಾಕಿಸಿದರೂ 78,000ವೇ. ಇದನ್ನು ಆ ಹುಡುಗ ಹೇಳಲಿಲ್ಲ. ಮಾರುವವನು ಯಾಕೆ ಹೇಳಿಯಾನು?

ಬೇರೆಯವರಿಂದ ಎರಡು ಕಿಲೋವ್ಯಾಟ್ ಹಾಕಿಸಿದೆ. 1 ಲಕ್ಷ 45 ಸಾವಿರ ಮೊದಲು ಕೈಯಿಂದ ಕೊಟ್ಟು, 60,000 ಆಮೇಲೆ ಬ್ಯಾಂಕ್ ಖಾತೆಗೆ ಬಂತು. "ಆಮೇಲೆ" ಎಂದು ಇಷ್ಟು ಸುಲಭವಾಗಿ ಬರೆದೆ. ಮನೆಯ ಕರೆಂಟು ಸಂಪರ್ಕ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇತ್ತು. ಅದನ್ನು ನನ್ನ ಹೆಸರಿಗೆ ಮಾಡಿಸಹೊರಟರೆ ಆಧಾರ್‌ನಲ್ಲಿ ಒಂದು ಭಟ್, ಬ್ಯಾಂಕಿನಲ್ಲಿ ಇನ್ನೊಂದು ಭಟ್, ತೆರಿಗೆ ರಶೀದಿಯಲ್ಲಿ ಮಲಯಾಳ ಲಿಪಿಗೆ ಹೋಗಿ ಬಂದ ಮೂರನೆಯ ಭಟ್. ಮೂವರೂ ಒಬ್ಬನೇ ಎಂದು ಸಾಬೀತುಪಡಿಸಲು ಹಲಗೆ ಜೋಡಿಸಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು. ಕಾಸರಗೋಡಿನ ಕನ್ನಡಿಗರು ಸೋಲಾರ್‌ನ ಮಾತೆತ್ತುವ ಮೊದಲು ಹೆಸರನ್ನು ಒಂದು ಮಾಡಿಕೊಳ್ಳಿ.

ಇನ್ನು ಜಾಗ. ಮನೆಯ ತೆಂಕು ಮಗ್ಗುಲಿಗೆ ಎರಡು ತೆಂಗಿನ ಮರಗಳಿವೆ. ಮರದ ನೆರಳು ಒಂದು ಹಲಗೆಯ ಮೂಲೆಗೆ ಬಿದ್ದರೂ ಸಾಕು, ಸಾಲಿನಲ್ಲಿ ಜೋಡಿಸಿದ ಉಳಿದವೂ ಸೊರಗುತ್ತವೆ. ಕಡಿಯಿರಿ ಎಂದರು ಕೆಲಸದವರು. ಅಮ್ಮ ಒಂದೇ ಮಾತು ಹೇಳಿದರು: "ಕಾಯಿ ಕೊಡುವ ಮರ ಕಡಿದು ಕರೆಂಟು ಮಾಡುವುದೋ? ತೆಂಗಿನಕಾಯಿಗೆ ಎಷ್ಟಾಗಿದೆ ಗೊತ್ತುಂಟೋ?" ಗೊತ್ತಿತ್ತು. ಮರ ಉಳಿಯಿತು, ಹಲಗೆಗಳು ಹಟ್ಟಿಯ ಶೀಟಿನ ಮಾಡಿಗೆ ಹೋದವು. ಈಗ ಹಸುಗಳಿಗೂ ಮಧ್ಯಾಹ್ನ ಸ್ವಲ್ಪ ತಂಪು. ಅರ್ಥಿಂಗ್‌ಗೆ ಮೂರು ಗುಂಡಿ ಎಂದು ಕರಾರಿನಲ್ಲಿತ್ತು. ಮುರಕಲ್ಲಿಗೆ ಹಾರೆ ತಾಗಿದ ಕೂಡಲೇ ಎರಡು ಸಾಕೆಂದರು. ಮೇ ತಿಂಗಳ ಸಿಡಿಲು ಕಂಡ ನಾನು ಮೂರನೆಯದು ಆಗದೆ ಕೊನೆಯ ಕಂತು ಕೊಡಲಿಲ್ಲ.

ಮಳೆಗಾಲದ ಸತ್ಯವನ್ನೂ ಹೇಳಿಬಿಡುತ್ತೇನೆ. ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯವರೆಗೆ, ರಾಜಾಠೀವಿಯಲ್ಲಿ ಎಂಟು, ಒಂಬತ್ತು ಯೂನಿಟ್ ಕೊಡುತ್ತಿದ್ದ ಹಲಗೆಗಳು ಜಡಿಮಳೆಯ ಆಟಿ ತಿಂಗಳಲ್ಲಿ ಕೆಲವು ದಿನ ಒಂದೂವರೆ ಯೂನಿಟ್‌ಗೆ ಇಳಿದವು. ಕೆಳಅಂಚಿನಲ್ಲಿ ಹಾವಸೆ ಬೇರೆ. ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿತ್ತು. ಗಾಳಿಗೆ ಮರ ಬಿದ್ದು ತಂತಿ ಕಡಿದು ಎರಡು ದಿನ ಕರೆಂಟಿರಲಿಲ್ಲ. ಎರಡನೆಯ ದಿನ ಮಳೆ ಬಿಟ್ಟು ಚುರುಚುರು ಬಿಸಿಲು. ಹಟ್ಟಿಯ ಮೇಲೆ ಎರಡು ಕಿಲೋವ್ಯಾಟ್ ಹೊಳೆಯುತ್ತಿದೆ, ಒಳಗೆ ಮಿಕ್ಸಿ ತಿರುಗುವುದಿಲ್ಲ! ಬ್ಯಾಟರಿ ಇಲ್ಲದ ವ್ಯವಸ್ಥೆ ಲೈನಿನಲ್ಲಿ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ, ನಿಲ್ಲಲೇಬೇಕು; ಇಲ್ಲದಿದ್ದರೆ ತಂತಿ ಕಟ್ಟಲು ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟು ಹೊಡೆದೀತು. ನನಗೆ ಇದು ಮೊದಲೇ ಗೊತ್ತಿತ್ತು. ಮನೆಯವರಿಗೆ ಹೇಳಿರಲಿಲ್ಲ, ಅದು ನನ್ನ ತಪ್ಪು. ಆ ಎರಡು ದಿನವೂ ನೀರಿಗೆ ತೊಂದರೆ ಆಗದಿದ್ದುದು ಅಜ್ಜನ ಕಾಲದಲ್ಲಿ ಗುಡ್ಡಕ್ಕೆ ಕೊರೆದ ಸುರಂಗದಿಂದ. ಮೋಟಾರಿಲ್ಲ, ಮೀಟರಿಲ್ಲ, ತಾನಾಗಿ ಇಳಿದು ತೊಟ್ಟಿಗೆ ಬೀಳುತ್ತದೆ. ಅಮ್ಮ ಅದನ್ನು ತೋರಿಸಿ ಏನೂ ಹೇಳಲಿಲ್ಲ, ಸುಮ್ಮನೆ ನಕ್ಕರು.

ಹಗಲು ಕೊಟ್ಟು ರಾತ್ರಿ ಹಿಂದೆ ಪಡೆಯುವ ನೆಟ್ ಮೀಟರಿಂಗ್ ನಿಯಮ ಬದಲಾಗಬಾರದೆಂದು ಕೂಗುವವರ ಜತೆ ನಾನೂ ಇದ್ದೇನೆ, ಆದರೆ ಅರ್ಧ ಮನಸ್ಸಿನಿಂದ. ಕೇರಳಕ್ಕೆ ವಿದ್ಯುತ್ತಿನ ಕೊರತೆ ಮುಟ್ಟುವುದು ಸಂಜೆ ಆರರಿಂದ ಹತ್ತು, ಹನ್ನೊಂದರ ನಡುವೆ. ಬೇಕಾದದ್ದರಲ್ಲಿ ಹೆಚ್ಚಿನ ಪಾಲು ಹೊರಗಿನಿಂದ ಕೊಂಡು ತರುವುದು. ನಾವು ಮಧ್ಯಾಹ್ನದ ಅಗ್ಗದ ಯೂನಿಟ್ ಕೊಟ್ಟು ಸಂಜೆಯ ದುಬಾರಿ ಯೂನಿಟ್ ಕೇಳುತ್ತಿದ್ದೇವೆ. ಈ ವಿನಿಮಯ ಹಲಗೆ ಬಾಳುವ ಇಪ್ಪತ್ತೈದು ವರ್ಷವೂ ಹೀಗೇ ಇರುತ್ತದೆ ಎಂದು ನಂಬಿ ದೊಡ್ಡ ಸಾಲ ಮಾಡುವುದು ಬೇಡ. ಸದ್ಯಕ್ಕೆ ಬಿಲ್ಲಿನಲ್ಲಿ ವ್ಯತ್ಯಾಸ ಕಾಣದಿದ್ದರೂ ನಮ್ಮಲ್ಲಿ ಬಟ್ಟೆ ಒಗೆಯುವ ಯಂತ್ರ, ಇಸ್ತ್ರಿ ಎಲ್ಲ ಹಗಲಿಗೆ ಬಂದಿವೆ. ದೋಸೆಗೆ ಕಡೆಯುವುದು ಮಾತ್ರ ಇನ್ನೂ ಸಂಜೆಯೇ. ಆ ವಿಷಯದಲ್ಲಿ ಅಮ್ಮನಿಗೆ ಯಾವ ನಿಯಮವೂ ಅನ್ವಯಿಸುವುದಿಲ್ಲ.

ನನ್ನ ಬಿಲ್ಲು ಈಗ ಬೇಸಿಗೆಯಲ್ಲಿ ಎಂಟುನೂರರ ಸುತ್ತ, ಮಳೆಗಾಲದಲ್ಲಿ ಒಂದೂವರೆ ಸಾವಿರದ ಹತ್ತಿರ. ಹಾಕಿದ ದುಡ್ಡು ತಿರುಗಿ ಬರಲು ನಾಲ್ಕೈದು ವರ್ಷ ಬೇಕಾದೀತು.

ಮದುವೆಯ ಮರುವಾರ ಭಾವ ತಮ್ಮ ಆರು ಬಿಲ್ಲುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡು ಮನೆಗೇ ಬಂದರು. ಅತಿ ಹೆಚ್ಚೆಂದರೆ 380 ಯೂನಿಟ್, ಅದೂ ಏಪ್ರಿಲ್‌ನಲ್ಲಿ. ಮನೆಯ ಸುತ್ತ ಹಲಸು ಬೇರೆ. ನಿಮಗೆ ಬೇಡ ಭಾವ, ಸದ್ಯಕ್ಕೆ ಅವಸರ ಇಲ್ಲ ಎಂದೆ. ಚಹಾ ಕುಡಿದು, ಹಟ್ಟಿಯ ಮಾಡನ್ನು ಎರಡು ಸಲ ನೋಡಿ, "ನಿನಗೆ ಮಾತ್ರ ಸಾಕೋ?" ಎಂದು ಮುಖ ದಪ್ಪ ಮಾಡಿಕೊಂಡು ಹೊರಟರು.