ಕುಂಕುಮ ಹಚ್ಚಿದ ಬಟನ್

ಬೆಳಿಗ್ಗೆಯಿಂದ ತಲೆ ಕೆಟ್ಟುಹೋಗಿದೆ. ಬರೆದು ಹಗುರ ಮಾಡಿಕೊಳ್ಳುತ್ತೇನೆ, ಸ್ವಲ್ಪ ಸಹಿಸಿಕೊಳ್ಳಿ.

ಪಕ್ಕದ ಮನೆ ಸೊಸೆಗೆ ವಾಷಿಂಗ್ ಮೆಷಿನ್‌ನಿಂದ ಶಾಕ್ ಹೊಡೆಯಿತು. ಹಿಡಿದ ಕೈ ಬಿಡಿಸಿಕೊಳ್ಳಲು ಆಗುತ್ತಿಲ್ಲ. ಗಂಡ ಓಡಿ ಬಂದು ಎಳೆಯಲು ಕೈ ಚಾಚಿದ. "ಮುಟ್ಬೇಡ ಕಣೋ, ಮೇನ್ ಆಫ್ ಮಾಡು!" ಅಂತ ಕಾಂಪೌಂಡಿನಿಂದಲೇ ಕಿರುಚಿದೆ. ಮೇನ್ ಎಲ್ಲಿ? ಚಪ್ಪಲಿ ಸ್ಟ್ಯಾಂಡಿನ ಹಿಂದೆ! ಅದರ ಮುಂದೆ ಅಕ್ಕಿ ಮೂಟೆ ಬೇರೆ. ಕೊನೆಗೆ ಅತ್ತೆಯೇ ಬಟ್ಟೆ ಹರಡುವ ಒಣ ಬಿದಿರು ಕೋಲಿನಿಂದ ಅವಳ ಕೈ ತಳ್ಳಿ ಬಿಡಿಸಿದರು. ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ ಬಂದಿದ್ದಾರೆ. ಹುಡುಗಿ ಚೆನ್ನಾಗಿದ್ದಾಳೆ.

ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಟ್ ಮಾಡೋ ಸ್ವಿಚ್, ಇರಲಿಲ್ವಾ ಅಂತ ಕೇಳಿದೆ. "ಇತ್ತು ಮೇಡಂ, ಮಳೆ ಬಂದಾಗೆಲ್ಲ ಟ್ರಿಪ್ ಆಗ್ತಿತ್ತು. ಎಲೆಕ್ಟ್ರಿಷಿಯನ್ ಬೈಪಾಸ್ ಮಾಡಿಕೊಟ್ರು." ನಾಯಿ ಬೊಗಳುತ್ತೆ ಅಂತ ಬಾಯಿ ಕಟ್ಟಿದ ಹಾಗೆ! ಅದು ಟ್ರಿಪ್ ಆಗುತ್ತಿದ್ದುದೇ ಎಲ್ಲೋ ಕರೆಂಟ್ ಸೋರುತ್ತಿದೆ ಅಂತ ಹೇಳೋಕೆ ಅಲ್ವಾ? ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸ್ ಬರಬೇಕು. 30 ಮಿಲಿಆಂಪಿಯರ್ ಕಡಿಮೆಯಾದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಟ್. "ಎಂಸಿಬಿ ಇದೆಯಲ್ಲ" ಅನ್ನುತ್ತಾರೆ, ಲೋಡ್ ಜಾಸ್ತಿಯಾದರೆ ಬೀಳೋ ಸ್ವಿಚ್. ಅದು ಬೀಳೋಕೆ 16 ಆಂಪಿಯರ್ ದಾಟಬೇಕು, ಅಂದರೆ 16,000 ಮಿಲಿಆಂಪಿಯರ್ ಸ್ವಾಮಿ. ಅದು ಕಾಯೋದು ವೈರನ್ನು, ನಿಮ್ಮನ್ನಲ್ಲ.

ನಮ್ಮ ತಂದೆಯ ಕಾಲದಲ್ಲಿ ಫ್ಯೂಸಿಗೆ ತಂತಿ ಸುತ್ತಿಕೊಂಡೇ ಬದುಕಲಿಲ್ವಾ ಅಂತ ಒಬ್ಬರು ಯಜಮಾನರು ತತ್ವ ಹೇಳಿದರು. ಬದುಕಿದರು, ಸರಿ. ಆಗ ಮನೆಗೆ ಮೂರು ಬಲ್ಬು, ಒಂದು ರೇಡಿಯೊ. ಸ್ನಾನಕ್ಕೆ ಹಂಡೆ ಒಲೆ. ಒದ್ದೆ ಕೈಯಲ್ಲಿ ಮುಟ್ಟೋಕೆ ಗೀಸರ್ ಎಲ್ಲಿತ್ತು?

1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟ್ ಕಳಿಸಿದ ಸೀಮೆ ನಮ್ಮದು. ದಸರಾಗೆ ಬೀದಿಯಲ್ಲಿ ಯಾವ ಬಣ್ಣದ ಸೀರಿಯಲ್ ಸೆಟ್ ಹಾಕೋದು ಅಂತ ಮೂರು ಮೀಟಿಂಗ್ ಮಾಡುತ್ತೇವೆ. ಯಾರ ಮನೆ ಮೇನ್ ಎಲ್ಲಿದೆ, ಉಸಿರು ನಿಂತರೆ ಎದೆ ಒತ್ತೋಕೆ ಯಾರಿಗೆ ಬರುತ್ತೆ, 112ಕ್ಕೆ ಯಾರು ಫೋನ್ ಮಾಡೋದು, ಕಂಬದಿಂದ ತಂತಿ ಬಿದ್ದರೆ ನಮ್ಮ ಕಡೆಯ ಕರೆಂಟ್ ಕಂಪನಿ ಚೆಸ್ಕಾಂನ ಸಹಾಯವಾಣಿ 1912 ಅಂತ ಎಷ್ಟು ಜನಕ್ಕೆ ಗೊತ್ತು? ಇದಕ್ಕೆ ಅರ್ಧ ಮೀಟಿಂಗೂ ಇಲ್ಲ. ಕೇಳಿದರೆ "ಮೇಡಂ ಪಾಠ ಶುರು ಮಾಡಿದ್ರು" ಅನ್ನುತ್ತಾರೆ.

ಇಷ್ಟೆಲ್ಲ ಕೂಗಾಡಿ ಮನೆಗೆ ಬಂದೆ. ಆರ್‌ಸಿಸಿಬಿ ಮೇಲೆ ಟಿ ಅಂತ ಒಂದು ಟೆಸ್ಟ್ ಬಟನ್ ಇರುತ್ತೆ, ಆಗಾಗ ಒತ್ತಿ ನೋಡಬೇಕು. ಇಷ್ಟು ವರ್ಷ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವಳು ನಾನು. ನಮ್ಮ ಮನೆಯ ಬಟನ್ ಮೇಲೆ ಹೋದ ಆಯುಧಪೂಜೆಯ ಕುಂಕುಮ ಒಣಗಿ ಕೂತಿತ್ತು. ಅದರ ಹಿಂದಿನ ವರ್ಷದ್ದೂ ಇತ್ತೇನೋ. ಕೆರೆದು ತೆಗೆದು ಒತ್ತಿದೆ.

ಟ್ರಿಪ್ ಆಗಲಿಲ್ಲ. ಮತ್ತೆ ಒತ್ತಿದೆ. ಫ್ಯಾನು ಸುಮ್ನೆ ತಿರುಗುತ್ತಲೇ ಇತ್ತು.

ಹೊಸದು ಹಾಕೋಕೆ ಎಲೆಕ್ಟ್ರಿಷಿಯನ್ ಬರೋದು ಮಂಗಳವಾರವಂತೆ. ಅಲ್ಲಿಯವರೆಗೆ ನಮ್ಮನೇಲಿ ಗೀಸರ್ ಬಂದ್. ನಮ್ಮೆಜಮಾನರು ಗ್ಯಾಸ್ ಮೇಲೆ ನೀರಿಟ್ಟುಕೊಂಡು ಗೊಣಗುತ್ತಿದ್ದಾರೆ.